ಕೂದಲೆಳೆಯಷ್ಟು ಕಡಿಮೆ

ಚರ್ಚಿನ ನೆಲಮಾಳಿಗೆಯಲ್ಲಿ ಏಳಕ್ಕೆ ಸಭೆ.
ನಾಲ್ಕಕ್ಕೇ ಬಂದು ಪಿಯಾನೋದ ಹೊಟ್ಟೆ ಬಿಚ್ಚಿ ಕೂತಿದ್ದೇನೆ.
ಹೊರಗೆ ಅಯೋವಾದ ಜನವರಿ,
ಉಗುಳಿದರೆ ನೆಲ ಮುಟ್ಟುವ ಮೊದಲೇ ಹರಳು.
ಒಳಗೆ ಲಾವೊನ್ ಡೆ ಯಾಂಗ್
ಮಡಚು ಕುರ್ಚಿಗಳನ್ನು ಬಿಡಿಸುತ್ತಿದ್ದಾಳೆ,
ಕುರ್ಚಿಗೊಂದು ದೂರು.

"ಥ್ರಾಪ್ ಗೆಲ್ಲುತ್ತಾನಂತೆ. ಎಲ್ಲರ ಬಾಯಲ್ಲೂ ಅದೇ.
ಗೆದ್ದರೆ, ಕಾರ್ನೀಲ್, ಗೆದ್ದದ್ದು ನಾವೋ, ಅವನೋ?"

ಕೀಲಿ ತಿರುಗಿಸುತ್ತೇನೆ. ತಂತಿ ನರಳುತ್ತದೆ.

ಅವಳ ಕೈಚೀಲದಲ್ಲಿ ಹನ್ನೆರಡು ವರ್ಷದ ಹಿಂದಿನ
ಪತ್ರಿಕೆಯ ತುಣುಕು, ಮಡಿಕೆಯಲ್ಲಿ ಹರಿದದ್ದು:
ಗವರ್ನರ್ ಥ್ರಾಪ್, ಆಗಿನ್ನೂ ತಲೆತುಂಬ ಕೂದಲು,
ಆ ಕಡೆಯವರ ಮಸೂದೆಗೆ ಸಹಿ ಹಾಕಿ
ಪೆನ್ನನ್ನೂ ಅವರಿಗೇ ಕೊಡುತ್ತಿದ್ದಾನೆ, ನಗುತ್ತ.
"ಮನಸ್ಸು ಬದಲಾಯಿತು ಅನ್ನುತ್ತಾನೆ.
ಬದಲಾಗಲಿ, ಯಾರು ಬೇಡ ಅಂದರು?
ಅಯೋವಾಕ್ಕೆ ಟಿಕೆಟ್ ತೆಗೆದ ವಾರವೇ ಬದಲಾಗಬೇಕಿತ್ತೆ?"

ಮಾರ್ವ್ ಹುಯ್ಜಿಂಗಾ ಬೂಟಿನ ಹಿಮ ಕೊಡವುತ್ತ ಬಂದ,
ಕಂಕುಳಲ್ಲಿ ಬನ್ನಿನ ತಟ್ಟೆ.
"ಅಡ್ಡಗೋಡೆ ಮೇಲೆ ದೀಪ ಇಡುವ ಪೈಕಿ.
ಎರಡು ಕೋಣೆಗೂ ಬೆಳಕಂತೆ! ಸರಿ.
ನನ್ನ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ."
ಅಕ್ಟೋಬರಿನಲ್ಲಿ ಅವನ ಹಂದಿ ಕೊಟ್ಟಿಗೆಗೆ ಬಂದಿದ್ದನಂತೆ ಥ್ರಾಪ್,
ಹೊಸ ಬೂಟಿನ ಅಡಿಯಲ್ಲಿ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತಂತೆ.
"ಕೈ ಕುಲುಕಿದ. ನನ್ನ ಹೆಸರನ್ನು ಎರಡು ಸಲ ಹೇಳಿದ,
ಎರಡು ಸಲವೂ ಸರಿಯಾಗಿ.
ಅದೇ ನನಗೆ ಅನುಮಾನ.
ನನ್ನ ಅಳಿಯನಿಗೇ ಇನ್ನೂ ನಾಲಗೆ ಹೊರಳುವುದಿಲ್ಲ."

ಮಗುವನ್ನು ಸೊಂಟದಲ್ಲಿಟ್ಟುಕೊಂಡ ಟ್ರೂಡಿ ಮೆಲ್ಲಗೆ ಅಂದಳು:
"ಟೀವಿಯಲ್ಲಿ ಅವನ ಪ್ರಾರ್ಥನೆ ಕೇಳಿದೆ. ಒಂದಕ್ಷರ ತಪ್ಪಿಲ್ಲ.
ಆದರೆ, ಬೇರೆಯವರ ಮನೆಯ ಟವೆಲ್ಲಿನಲ್ಲಿ
ಕೈ ಒರೆಸಿಕೊಂಡ ಹಾಗೆ."

ಇವರಿಗೆ ನಾನು ಹೇಳಿಲ್ಲ, ನಲವತ್ತು ವರ್ಷದಿಂದ:
ಈ ಪಿಯಾನೋದಲ್ಲಿ ಒಂದು ಪಂಚಮವೂ ಶುದ್ಧವಲ್ಲ.
ಒಂದೊಂದನ್ನೂ ಕೂದಲೆಳೆಯಷ್ಟು ಇಳಿಸುತ್ತೇನೆ,
ಬೇಕೆಂದೇ, ಉಸಿರು ಹಿಡಿದು,
ತಂತಿ ತಂತಿಯ ನಡುವಿನ ನಡುಕ ಎಣಿಸಿ.
ಸುಳ್ಳನ್ನು ಹೀಗೆ ಎಲ್ಲ ಮನೆಗೂ ಚೂರು ಚೂರು ಹಂಚಿದರೆ
ಕಪ್ಪಿನಿಂದೆತ್ತಿಕೊಳ್ಳಿ, ಬಿಳಿಯಿಂದೆತ್ತಿಕೊಳ್ಳಿ,
ಹಾಡು ಹಾಡಾಗಿರುತ್ತದೆ.

ಇಪ್ಪತ್ತೆರಡರ ಹುಮ್ಮಸ್ಸಿನಲ್ಲಿ ಒಮ್ಮೆ
ಅಪ್ಪನ ಪಿಯಾನೋವನ್ನು ಅಪ್ಪಟ ಶುದ್ಧಕ್ಕೆ ಕೂರಿಸಿದ್ದೆ.
ಮೊದಲ ಮೂರು ಸ್ವರಮೇಳ, ಕಣ್ಣಲ್ಲಿ ನೀರು.
ನಾಲ್ಕನೆಯದಕ್ಕೆ ಅಡುಗೆಮನೆಯಿಂದ ಅಮ್ಮ ಓಡಿಬಂದಳು,
ಯಾರಿಗೇನಾಯಿತೋ ಎಂದು.
ಓಡಿಸಿದ ಸುಳ್ಳೆಲ್ಲ ಒಂದೇ ಮೂಲೆಗೆ ಸೇರಿ ಊಳಿಟ್ಟಿತ್ತು.
ನಮ್ಮ ಕಸುಬಿನಲ್ಲಿ ಅದನ್ನು ತೋಳ ಎನ್ನುತ್ತಾರೆ.

ಹಾಗಾದರೆ ಥ್ರಾಪ್ ನನ್ನವನೇ ಆಗಬೇಕಿತ್ತು.
ಆದರೂ ಅವನ ಭಾಷಣ ಕೇಳುವಾಗ
ಬೆರಳು ತಾನಾಗಿ ಕೀಲಿ ಹುಡುಕುತ್ತದೆ.
ಇಳಿಸುವ ಮೊದಲು ಶುದ್ಧ ಎಲ್ಲಿದೆಯೆಂದು ಕೇಳಿಸಿಕೊಂಡೇ
ನಾನು ಇಳಿಸುವುದು.
ಅವನು ಕೇಳಿಸಿಕೊಂಡಿದ್ದಾನೆಯೆ?

ಏಳು ಗಂಟೆ. ಎಂಬತ್ತಮೂರು ಜನ, ಉಗುರುಬೆಚ್ಚಗಿನ ಕಾಫಿ,
ಗುಲಾಬಿ ಕಾಗದ ಹರಿದ ಚೀಟಿ, ಮೋಟು ಪೆನ್ಸಿಲ್.
ಮಾರ್ವ್ ಕೈ ಅಡ್ಡ ಹಿಡಿದು ಬರೆದ, ಪರೀಕ್ಷೆಯ ಹುಡುಗನಂತೆ.
ನಾನು ಬರೆದೆ, ಅಳಿಸಿದೆ, ಮತ್ತೆ ಅದನ್ನೇ ಬರೆದೆ.

ಎಣಿಕೆಗೆ ಲಾವೊನ್. ಒಂದೊಂದೇ ಚೀಟಿ ಬಿಡಿಸಿ ಓದುತ್ತಾಳೆ,
ಗೋಡೆಯ ಹಾಳೆಯಲ್ಲಿ ಟ್ರೂಡಿ ಗೀಟು ಹಾಕುತ್ತಾಳೆ.
ಒಂದು ಚೀಟಿಗೆ ಅವಳ ಕೈ ನಿಂತಿತು.
ಪ್ರತಿವರ್ಷ ಅವಳಿಗೆ ರಸೀದಿ ಬರೆದುಕೊಡುವವನು ನಾನು;
ನನ್ನ ಅಕ್ಷರದ ವಾಲು ಅವಳಿಗೆ ಗೊತ್ತು.

ಕನ್ನಡಕ ಸರಿಮಾಡಿಕೊಂಡಳು. ನನ್ನ ಕಡೆ ನೋಡಲಿಲ್ಲ.
"ಥ್ರಾಪ್" ಎಂದಳು,
ಉಳಿದ ಹೆಸರುಗಳ ಶ್ರುತಿಯಲ್ಲೇ,
ಕೂದಲೆಳೆಯಷ್ಟು ಕಡಿಮೆ.